ಕುಡಿ ಒಣಗಿದ ಹೆಬ್ಬೇವು

ದೋಟಿಯ ತುದಿಗೆ ಕಟ್ಟಿದ್ದ ಕುಡುಗೋಲಿಗೆ ಸಿಕ್ಕ ಕೊಂಬೆ ಲಟಕ್ಕನೆ ಮುರಿದು ಗಂಗಲಕ್ಷ್ಮಮ್ಮನ ಕಾಲ ಬಳಿ ಬಿತ್ತು. ಹಸಿ ಕೊಂಬೆ ಹಾಗೆ ಮುರಿಯುವುದಿಲ್ಲ. ಬಾಗುತ್ತದೆ, ಸಿಗಿದು ನೇತಾಡುತ್ತದೆ. ಅವಳು ಬಗ್ಗಿ ಎತ್ತಿಕೊಂಡಳು. ಕುಡಿ ಇರಬೇಕಾದ ಕಡೆ ಉರಿದು ಆರಿದ ಬೆಂಕಿಕಡ್ಡಿಯಂಥ ಕಪ್ಪು ಮೊಂಡು. ಅದರ ಕೆಳಗೆ ಐದಾರು ಸಣ್ಣ ಚಿಗುರು ಪೊರಕೆ ಕಡ್ಡಿಗಳಂತೆ ಒಟ್ಟೊಟ್ಟಿಗೆ ಎದ್ದಿದ್ದವು. ಎಳೆಯ ಎಲೆಗಳು ದಪ್ಪಗಾಗಿ ಮುದುರಿದ್ದವು. ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಪಟ್ಟೆಂದು ಮುರಿದವು.

ಬೆಳಗಿನಿಂದ ಅದು ಹನ್ನೊಂದನೆಯ ಮರ. ಹನ್ನೊಂದರಲ್ಲೂ ಇದೇ ಪಾಡು. ಕೆಳಗೆ ನಿಂತು ನೋಡುವವರಿಗೆ ಏನೂ ತಿಳಿಯುವಂತಿರಲಿಲ್ಲ. ಇಪ್ಪತ್ತೈದು ಅಡಿ ಎತ್ತರದ ಹೆಬ್ಬೇವಿನ ಮರಗಳು ಸಾಲಾಗಿ, ನೆಟ್ಟಗೆ, ಕಡುಹಸಿರಾಗಿ ನಿಂತಿದ್ದವು. ಎರಡು ಗಳು ಸೇರಿಸಿ ಕಟ್ಟಿದ ದೋಟಿ ಹಿಡಿದು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದವಳಿಗೆ ಮಾತ್ರ ಗೊತ್ತಾಗುವ ಸಂಗತಿ ಅದು.

ಮೂರು ಎಕರೆ ಜಮೀನು. ದೇವನಹಳ್ಳಿಯ ಹತ್ತಿರ ವಿಮಾನ ಇಳಿಯತೊಡಗಿದ ಮೇಲೆ ಚನ್ನರಾಯಪಟ್ಟಣ ಹೋಬಳಿಯ ಆ ಊರಿನಲ್ಲಿ ಕಳೆ ಕೀಳಲು ಆಳು ಸಿಗುವುದು ನಿಂತುಹೋಗಿತ್ತು. ಗಂಡ ಮುನಿರಾಜನೇ ಅಲ್ಲಿ ಪ್ರಯಾಣಿಕರ ಪೆಟ್ಟಿಗೆಗಳನ್ನು ವಿಮಾನದವರೆಗೆ ಎಳೆದೊಯ್ಯುವ ಗಾಡಿ ಓಡಿಸುವ ಕೆಲಸಕ್ಕೆ ಸೇರಿದ. ರಾಗಿ, ಅವರೆ ಬಿಟ್ಟು ಮರ ಹಾಕೋಣ ಎಂದವಳು ಗಂಗಲಕ್ಷ್ಮಮ್ಮನೇ. ವಿಜಯಪುರದ ರಸ್ತೆಯಲ್ಲಿ ನರ್ಸರಿ ಇಟ್ಟಿದ್ದ ಶ್ರೀಧರ ಸಸಿ ಕೊಟ್ಟ. ಆರು ವರ್ಷಕ್ಕೆ ಕಟಾವು, ಹೊಸಕೋಟೆ ಕಡೆಯ ಪ್ಲೈವುಡ್ ಕಾರ್ಖಾನೆಯವರು ತೋಟಕ್ಕೇ ಬಂದು ಕೊಳ್ಳುತ್ತಾರೆ ಎಂದ. ಬುಡಕ್ಕೆ ಒಂದು ಹಿಡಿ ಯೂರಿಯಾ ಹಾಕಿ ಎಂದೂ ಹೇಳಿದ.

ಅವಳು ಒಂದು ಹಿಡಿ ಹಾಕಿದಳು. ಮರ ತಿಂಗಳೊಪ್ಪತ್ತಿನಲ್ಲಿ ಜಿಗಿಯಿತು. ಎರಡು ಹಿಡಿ ಹಾಕಿದಳು, ಇನ್ನೂ ಜಿಗಿಯಿತು. ಆಮೇಲೆ ವರ್ಷಕ್ಕೆ ಮೂರು ಸಲ ಹಾಕತೊಡಗಿದಳು. ಒಂದೂವರೆ ವರ್ಷದ ಮರದ ಪಕ್ಕ ಕೈ ಮೇಲೆತ್ತಿ ನಿಂತ ಅವಳ ಫೋಟೋವನ್ನು ಶ್ರೀಧರ ದೊಡ್ಡ ಫ್ಲೆಕ್ಸ್ ಮಾಡಿಸಿ ರಸ್ತೆಯ ಬದಿ ಕಟ್ಟಿಸಿದ. ಜನ ಬೈಕಿನಲ್ಲಿ, ಕಾರಿನಲ್ಲಿ ನೋಡಲು ಬಂದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು. ನಲವತ್ತನಾಲ್ಕು ವರ್ಷದಲ್ಲಿ ಯಾರೂ ಅವಳನ್ನು ನಿಲ್ಲಿಸಿ ಏನನ್ನೂ ಕೇಳಿದವರಲ್ಲ. ಈಗ ಗಂಡಸರು ಮೊಬೈಲಿನಲ್ಲಿ ಅವಳ ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಅದು ಅವಳಿಗೆ ಹಿತವಾಗಿತ್ತು. ಸುಳ್ಳು ಯಾಕೆ, ತುಂಬಾ ಹಿತವಾಗಿತ್ತು.

ಊರಿನಲ್ಲೇ ಆರು ಮನೆಯವರು ಅವಳನ್ನು ನೋಡಿ ಹೆಬ್ಬೇವು ನೆಟ್ಟರು. ಅವರು ಗೊಬ್ಬರದ ಲೆಕ್ಕ ಕೇಳಿದ್ದು ಶ್ರೀಧರನನ್ನಲ್ಲ, ಅವಳನ್ನು. ಎರಡು ಹಿಡಿ, ವರ್ಷಕ್ಕೆ ಮೂರು ಸಲ ಎಂದು ಅವಳು ಕೈ ಮಡಿಸಿ ಹಿಡಿಯ ಗಾತ್ರವನ್ನೂ ತೋರಿಸಿದ್ದಳು. ಪಕ್ಕದ ಹೊಲದ ಪಾಪಮ್ಮ ಇಪ್ಪತ್ತು ವರ್ಷದಿಂದ ರೇಷ್ಮೆ ಸಾಕಿದವಳು. ಅವಳೂ ಒಂದೂವರೆ ಎಕರೆ ಹಿಪ್ಪುನೇರಳೆಯನ್ನು ಬೇರು ಸಮೇತ ಕೀಳಿಸಿ, ಹುಳ ಗೂಡು ಕಟ್ಟುವ ಚಂದ್ರಿಕೆಗಳನ್ನು ಸೂಲಿಬೆಲೆಯವರಿಗೆ ಕೊಟ್ಟು ಸಸಿ ಇಟ್ಟಿದ್ದಳು.

ಕೊನೆಯ ಸಾಲಿನವರೆಗೂ ಹೋಗಿ ನೋಡಿದ ಮೇಲೆ ಗಂಗಲಕ್ಷ್ಮಮ್ಮ ಹಳ್ಳದ ದಡದಲ್ಲಿ ಕೂತಳು. ಆಷಾಢದಲ್ಲೇ ಹಳೆಯ ಎಲೆಗಳ ಅಂಚು ಸುಟ್ಟಂತಾಗಿದ್ದು ಅವಳ ಕಣ್ಣಿಗೆ ಬಿದ್ದಿತ್ತು. ಮರಕ್ಕೆ ಹಸಿವಾಗಿದೆ ಎಂದುಕೊಂಡು ಇನ್ನೊಂದು ಹಿಡಿ ಜಾಸ್ತಿ ಹಾಕಿದ್ದಳು. ಆ ಹಿಡಿ ಈಗ ಎದೆಯ ಮೇಲೆ ಕೂತ ಹಾಗಿತ್ತು.

ಹಾಗೆ ಕೂತವಳ ಕಣ್ಣು ಹಳ್ಳದ ಆಚೆಗೆ ಹೋಯಿತು. ಅಲ್ಲಿ ಹನ್ನೆರಡು ಹೆಬ್ಬೇವುಗಳಿದ್ದವು. ಮಿಕ್ಕ ಸಸಿಗಳನ್ನು ಎಸೆಯಲಾರದೆ ಕಲ್ಲುಭೂಮಿಯ ಆ ತುಂಡಿನಲ್ಲಿ ನೆಟ್ಟು ಮರೆತವು. ಗೊಬ್ಬರದ ಮೂಟೆ ಹೊತ್ತು ಜಾರುವ ಹಳ್ಳ ದಾಟುವುದು ಯಾರು ಎಂದು ಒಮ್ಮೆಯೂ ಏನೂ ಹಾಕಿರಲಿಲ್ಲ. ಇಲ್ಲಿಯ ಮರಗಳ ಅರ್ಧದಷ್ಟೂ ಇಲ್ಲ, ತೋಳಿನಷ್ಟು ದಪ್ಪ, ಎಲೆ ತುಸು ಬಿಳಿಚಿಕೊಂಡಿತ್ತು. ಆದರೆ ಹನ್ನೆರಡರ ನೆತ್ತಿಯಲ್ಲೂ ಕುಡಿ ಗಾಳಿಗೆ ಅಲ್ಲಾಡುತ್ತಿತ್ತು. ಅವಳು ಹಳ್ಳ ದಾಟಿ ಹೋಗಿ ಒಂದೊಂದನ್ನೂ ಬಗ್ಗಿಸಿ ಮುಟ್ಟಿ ನೋಡಿದಳು. ಮೆತ್ತಗಿತ್ತು.

ಸಂಜೆ ಮುನಿರಾಜ ಕೆಲಸದಿಂದ ಬಂದಾಗ ಮುರಿದ ಕೊಂಬೆಯನ್ನು ಮುಂದಿಟ್ಟಳು. ಅವನು ತಿರುಗಿಸಿ ನೋಡಿ, ಹುಳ ಬಿದ್ದಿರಬೇಕು, ಶ್ರೀಧರನ ಹತ್ತಿರ ಔಷಧಿ ತಂದು ಹೊಡೆದರಾಯಿತು ಎಂದ.

"ಹುಳ ಆದ್ರೆ ಅದಕ್ಕೆ ಹಳ್ಳ ದಾಟಕ್ಕೆ ಬರಲ್ವಾ?" ಎಂದಳು ಗಂಗಲಕ್ಷ್ಮಮ್ಮ.

ಅವನಿಗೆ ಅರ್ಥವಾಗಲಿಲ್ಲ. ಅವಳು ಹೇಳಿದಳು. ಕೇಳಿಸಿಕೊಂಡು ಅವನು ಕಾಲು ತೊಳೆಯಲು ಎದ್ದುಹೋದ. ಶ್ರೀಧರ ಕಾರ್ತಿಕದಲ್ಲಿ ಒಂದು ಭಾನುವಾರ ಇದೇ ತೋಟದಲ್ಲಿ ರೈತರ ಸಭೆ ಇಟ್ಟುಕೊಂಡಿದ್ದ. ಶಾಮಿಯಾನ, ಊಟ ಎಲ್ಲ ಅವನದೇ. ಮುಖ ಒರೆಸಿಕೊಳ್ಳುತ್ತಾ ಬಂದ ಮುನಿರಾಜ, ಸಭೆ ಮುಗಿಯಲಿ, ಆಮೇಲೆ ನೋಡೋಣ ಎಂದ. ಗಂಗಲಕ್ಷ್ಮಮ್ಮ ಆಗಲೇ ಎರಡು ಚೀಲ ಹುಡುಕುತ್ತಿದ್ದಳು.

ಮಾರನೆಯ ದಿನ ಒಂದು ಚೀಲದಲ್ಲಿ ಈಚೆಯ ಎಲೆ ಮತ್ತು ಮಣ್ಣು, ಇನ್ನೊಂದರಲ್ಲಿ ಹಳ್ಳದಾಚೆಯ ಎಲೆ ಮತ್ತು ಮಣ್ಣು ಹಿಡಿದು ಬಸ್ಸು ಹತ್ತಿದಳು. ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿ, ಏರ್‌ಪೋರ್ಟ್ ರಸ್ತೆಯಲ್ಲಿ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಗೇಟಿನ ಮುಂದೆ ಇಳಿದಳು. ಒಳಗೆ ಊರಿನಷ್ಟು ದೊಡ್ಡ ಜಾಗ. ಒಂದು ಕಟ್ಟಡದವರು ಇನ್ನೊಂದಕ್ಕೆ ಕಳಿಸಿದರು, ಅಲ್ಲಿಯವರು ಊಟವಾದ ಮೇಲೆ ಬಾ ಎಂದರು. ಮೂರನೆಯ ಕಟ್ಟಡದಲ್ಲಿ, ಅರಣ್ಯ ವಿಭಾಗದ ಹರ್ಷಿತ ಎನ್ನುವ ಸಣ್ಣ ವಯಸ್ಸಿನ ಮೇಡಂ ಎರಡೂ ಚೀಲ ಬಿಚ್ಚಿ ಮೇಜಿನ ಮೇಲೆ ಸುರಿದರು. ಎಲೆಗಳನ್ನು ಅಕ್ಕಪಕ್ಕ ಜೋಡಿಸಿಟ್ಟು ಸ್ವಲ್ಪ ಹೊತ್ತು ನೋಡಿದರು. ಎರಡು ತರಹ ತರಬೇಕೆಂದು ಯಾರು ಹೇಳಿದರು ಎಂದು ಕೇಳಿದರು. ಯಾರೂ ಹೇಳಲಿಲ್ಲ ಎಂದಳು. ಇಪ್ಪತ್ತು ದಿನ ಬಿಟ್ಟು ಬರಲು ಚೀಟಿ ಕೊಟ್ಟರು.

ಆ ಇಪ್ಪತ್ತು ದಿನ ಅವಳು ತೋಟಕ್ಕೆ ಹೋದಳು, ಬಂದಳು, ಯಾರೊಂದಿಗೂ ಏನೂ ಆಡಲಿಲ್ಲ. ಇನ್ನೂ ಗೊತ್ತಿಲ್ಲದ್ದನ್ನು ಏನೆಂದು ಹೇಳುವುದು? ಒಮ್ಮೆ ಗೊತ್ತಿಲ್ಲದೆ ಹೇಳಿ ಆಗಿತ್ತು.

ಮತ್ತೆ ಹೋದಾಗ ಮೇಡಂ ಕುರ್ಚಿ ಎಳೆದು ಕೂರಿಸಿ, ಟೈಪಾದ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದಾಗಿ ಬಿಡಿಸಿದರು. ಯೂರಿಯಾ ಕೊಡುವುದು ಒಂದೇ ಅಂಶ. ಅದು ಮರವನ್ನು ಓಡಿಸುತ್ತದೆ. ಓಡುವ ಮರಕ್ಕೆ ಪೊಟ್ಯಾಷ್ ಬೇಕು, ಬೋರಾನ್ ಬೇಕು, ಇನ್ನೂ ಹತ್ತಾರು ಬೇಕು. ಮಳೆಗೆ ತೊಳೆದು ಹೋದ ಕೆಂಪು ಮರಳುಮಣ್ಣಿನಲ್ಲಿ ಅವು ಮೊದಲೇ ಕಡಿಮೆ. ಹೀಗಾಗಿ ಈಚೆಯ ಎಲೆಯಲ್ಲಿ ಒಂದು ಅಂಶ ಕೊಬ್ಬಿ, ಪೊಟ್ಯಾಷ್ ಕುಸಿದು, ಬೋರಾನ್ ಇಲ್ಲವೆನ್ನುವಷ್ಟಕ್ಕೆ ಬಂದಿದೆ. ಬೋರಾನ್ ಇಲ್ಲದೆ ಕುಡಿ ಸಾಯುತ್ತದೆ. ಸುರಿದ ಯೂರಿಯಾದಿಂದ ಮಣ್ಣೂ ಹುಳಿಯಾಗಿದೆ. ಉದುರಿದೆಲೆಯನ್ನು ಏನು ಮಾಡುತ್ತೀರಿ ಎಂದು ಕೇಳಿದರು. ನೋಡಲು ಬರುವ ಜನಕ್ಕೆ ತೋಟ ಚೊಕ್ಕವಾಗಿ ಕಾಣಲಿ ಎಂದು ಗುಡಿಸಿ ನೀರೊಲೆಗೆ ಹಾಕುತ್ತೇನೆ ಎಂದಳು. ಮರ ತಾನು ಎತ್ತಿಕೊಂಡದ್ದನ್ನು ಮಣ್ಣಿಗೆ ತಿರುಗಿ ಕೊಡುವುದು ಅದೊಂದರಿಂದಲೇ, ಅದನ್ನೂ ತೆಗೆದುಬಿಟ್ಟಿರಿ ಎಂದರು ಮೇಡಂ, ಬೈಯುವ ದನಿಯಲ್ಲಲ್ಲ.

"ಆ ಹನ್ನೆರಡು ಮರ?"

"ಅವಕ್ಕೂ ಹಸಿವಿದೆ ಅಮ್ಮ. ಅವೇನು ಚೆನ್ನಾಗಿವೆ ಅನ್ನಲ್ಲ ನಾನು. ಆದರೆ ಎಲ್ಲಾನೂ ಕಡಿಮೆ ಕಡಿಮೆ ತಿಂದುಕೊಂಡು, ಮಣ್ಣು ಕೊಟ್ಟಷ್ಟಕ್ಕೆ ಬೆಳೆದುಕೊಂಡಿವೆ. ಅದಕ್ಕೇ ಕುಡಿ ಉಳಿದಿದೆ."

ಸತ್ತ ಕುಡಿ ಮತ್ತೆ ಬರುವುದಿಲ್ಲ. ಪೊರಕೆಯಂತೆ ಎದ್ದ ಚಿಗುರಿನಲ್ಲಿ ಗಟ್ಟಿಯಾದ ಒಂದನ್ನು ಬಿಟ್ಟು ಉಳಿದದ್ದನ್ನು ಸವರಬೇಕು. ಯೂರಿಯಾ ನಿಲ್ಲಿಸಿ, ಪೊಟ್ಯಾಷ್ ಕೊಟ್ಟು, ವರ್ಷಕ್ಕೊಮ್ಮೆ ಮರಕ್ಕೆರಡು ಚಮಚ ಬೋರಾಕ್ಸ್ ಪುಡಿಯನ್ನು ಬುಡದ ಸುತ್ತ ಎರಚಬೇಕು. ಅದು ಹೆಚ್ಚಾದರೆ ಅದೇ ವಿಷ. ಮುಂಗಾರಿಗೆ ಹಸಿರು ಗೊಬ್ಬರವಾಗಿ ಅಪ್ಸೆಣಬು ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಬೇಕು. ಹಾಗಿದ್ದೂ ಕಾಂಡ ಅಲ್ಲಿ ಸ್ವಲ್ಪ ಸೊಟ್ಟಗಾಗುತ್ತದೆ, ಕಟಾವು ಎರಡು ವರ್ಷ ಮುಂದೆ ಹೋಗುತ್ತದೆ ಎಂದರು.

ಎಲ್ಲವನ್ನೂ ಕೇಳಿಕೊಂಡು ಅವಳು ಕೇಳಿದ್ದು ಒಂದೇ. "ಇನ್ನಾರು ಮನೆಯೋರು ನಾನು ಹೇಳ್ದಂಗೆ ಹಾಕವ್ರೆ. ಅವು ಒಂದೂವರೆ ವರ್ಷ ಎಳೇವು. ಅವಕ್ಕೂ ಹಿಂಗೇ ಆಯ್ತದಾ?"

ಈಗ ನಿಲ್ಲಿಸಿದರೆ ಬಹುಶಃ ಕುಡಿ ಉಳಿಯುತ್ತದೆ ಎಂದರು ಮೇಡಂ. ಈ ಸಲದ್ದು ಹಾಕಿಬಿಟ್ಟರೆ ಹೇಳಲಾಗದು.

ಈ ಸಲದ್ದು ಎಂದರೆ ಇದೇ ವಾರ. ಮಳೆ ನಿಂತು ಹದ ಆರುವ ಮುಂಚೆ ಹಾಕಬೇಕೆಂದು ದಿನ ಗೊತ್ತು ಮಾಡಿದವಳೂ ಅವಳೇ.

ವಾಪಸು ಬರುವಾಗ ಶ್ರೀಧರನ ನರ್ಸರಿಯಲ್ಲಿ ಇಳಿದಳು. ಅವನು ಕೆಟ್ಟವನಲ್ಲ. ಅವಳ ಬೋರ್‌ವೆಲ್ ಕೈಕೊಟ್ಟ ಬೇಸಿಗೆಯಲ್ಲಿ ತನ್ನ ಟ್ಯಾಂಕರಿನಲ್ಲಿ ಸಸಿಗಳಿಗೆ ನೀರು ಹೊಡೆಸಿದ್ದವನು. ಹಾಳೆಯನ್ನು ಎರಡು ಸಲ ಓದಿದ. ಸಭೆಗೆ ದೊಡ್ಡಬಳ್ಳಾಪುರ, ಹೊಸಕೋಟೆ ಎರಡೂ ಕಡೆಯಿಂದ ಜನ ಬರುತ್ತಿದ್ದಾರೆ, ಮುಂದಿನ ನಾಲ್ಕು ಸಾಲು ತೋರಿಸಿ ಊಟಕ್ಕೆ ಕೂರಿಸಿಬಿಡೋಣ, ಈ ವಿಷಯ ಆಮೇಲೆ ಒಬ್ಬೊಬ್ಬರಿಗೆ ಹೇಳಿದರಾಯಿತು ಎಂದ. ಅವಳು ತಲೆಯಾಡಿಸಿದಳು, ಬೇಡವೆಂದು.

"ಗಂಗಕ್ಕ, ನೀವು ಮೈಕಲ್ಲಿ ಹಿಂಗಂದ್ರೆ ನನ್ನ ಸಸಿ ಯಾರು ಮುಟ್ತಾರೆ?"

"ಸಸಿ ಮೇಲೆ ನಾನೇನೂ ಹೇಳಲ್ಲ ಶ್ರೀಧರಪ್ಪ. ನನ್ನ ಕೈ ಬಗ್ಗೆ ಹೇಳ್ತೀನಿ. ಬ್ಯಾಡ ಅಂದ್ರೆ ಸಭೆ ಬೇರೆ ಕಡೆ ಇಟ್ಕೊ."

ಶಾಮಿಯಾನಕ್ಕೂ ಅಡುಗೆಯವರಿಗೂ ಹೇಳಿಯಾಗಿತ್ತು. ಅವನು ಹಾಳೆಯನ್ನು ಮಡಿಸಿ ಅವಳ ಕೈಗೆ ಕೊಟ್ಟ.

ಮನೆಗೆ ಹೋಗಿ ಚೀಲ ಇಟ್ಟವಳು ನೀರೂ ಕುಡಿಯದೆ ಆರು ಮನೆಗೂ ಹೊರಟಳು. ಸಭೆಯಲ್ಲಿ ಪರವೂರಿನವರ ಜೊತೆ ಕೂತು ಕೇಳುವ ಮಾತಲ್ಲ ಅದು, ಅವರಿಗೆ ಮೊದಲು ತಿಳಿಯಬೇಕು ಎನಿಸಿತ್ತು. ಮೂರು ಮನೆಯವರು ಬಾಯಿಬಿಟ್ಟುಕೊಂಡು ಕೇಳಿ, ಸರಿ ನಿಲ್ಲಿಸುತ್ತೇವೆ ಎಂದರು. ಒಬ್ಬರು ಮನೆಯಲ್ಲಿರಲಿಲ್ಲ, ಸೊಸೆಗೆ ಹೇಳಿ ಬಂದಳು. ಹಿರಿಯ ಆದಿನಾರಾಯಣಪ್ಪ ನಕ್ಕ. ತನ್ನ ಮರ ಎತ್ತರವಾದ ಮೇಲೆ ಬೇರೆಯವರದು ಆಗಬಾರದೆಂದು ಹೀಗೆ ಹೇಳುವುದು ಲೋಕದಲ್ಲಿ ಇದ್ದದ್ದೇ ಎಂದು, ಬೇಜಾರಿಲ್ಲದೆಯೇ, ಎಲೆಯಡಿಕೆಯ ತಟ್ಟೆ ಮುಂದೆ ನೂಕಿದ. ಅವಳು ಒಂದು ಎಲೆ ತೆಗೆದುಕೊಂಡು, ನಾಳೆ ತೋಟಕ್ಕೆ ಬಂದು ಮೇಲೆ ನೋಡಿ ಎಂದಷ್ಟೇ ಹೇಳಿ ಎದ್ದಳು.

ಪಾಪಮ್ಮ ಮನೆಯಲ್ಲಿರಲಿಲ್ಲ, ತೋಟದಲ್ಲಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಕರಿಯಲ್ಲಿ ಯೂರಿಯಾ ಇಟ್ಟುಕೊಂಡು ಎರಡನೆಯ ಸಾಲಿನ ಮಧ್ಯದಲ್ಲಿದ್ದಳು. ಗಂಗಲಕ್ಷ್ಮಮ್ಮ ಹೇಳುವುದನ್ನು ಅವಳು ಕೈ ನಿಲ್ಲಿಸದೆ ಕೇಳಿದಳು. ಪೂರ್ತಿ ಕೇಳಿದ ಮೇಲೆ ಸೊಂಟ ನೆಟ್ಟಗೆ ಮಾಡಿ ನಿಂತಳು.

"ನಾನು ಹಿಪ್ಪುನೇರಳೆ ಕಿತ್ತಾಕಿದ್ದು ಯಾರ ಮಾತು ಕೇಳಿ?"

"ನನ್ನ ಮಾತು ಕೇಳಿ, ಪಾಪಕ್ಕ."

"ಈಗ ನೀನು ಹೇಳ್ತಿರೋದು?"

"ಇದೂ ನನ್ನ ಮಾತೇ."

"ಹಂಗಾದ್ರೆ ಯಾವ ಗಂಗಾನ ನಂಬ್ಲಿ ನಾನು?" ಎಂದು ಪಾಪಮ್ಮ ಮತ್ತೆ ಬಗ್ಗಿದಳು. ಎರಡು ಹಿಡಿ. ಮುಂದಿನ ಬುಡಕ್ಕೆ ಎರಡು ಹಿಡಿ. ಹಿಡಿಯ ಗಾತ್ರ ತಾನು ತೋರಿಸಿಕೊಟ್ಟಷ್ಟೇ ಇರುವುದನ್ನು ನೋಡುತ್ತಾ ಗಂಗಲಕ್ಷ್ಮಮ್ಮ ಬದುವಿನ ಮೇಲೆ ನಿಂತಿದ್ದಳು. ಕಿತ್ತುಕೊಳ್ಳಲು ಅದು ಅವಳ ತೋಟವಲ್ಲ. ಕೊನೆಗೆ ತಿರುಗಿ ನಡೆದಳು. ದಾರಿಯಲ್ಲಿ ಅವಳಿಗೆ ಅಳು ಬಂತು. ಅಳುತ್ತಲೇ, ಭಾನುವಾರ ಏನು ಹೇಳಬೇಕು, ಯಾವುದನ್ನು ಮೊದಲು ಹೇಳಬೇಕು ಎಂದು ಯೋಚಿಸಿಕೊಂಡಳು.

ಭಾನುವಾರ ನೂರಕ್ಕೂ ಹೆಚ್ಚು ಜನ ಸೇರಿದರು. ಮುನಿರಾಜ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ನೀರಿನ ಡ್ರಮ್ಮಿನ ಹತ್ತಿರ ನಿಂತಿದ್ದ. ಮಾತನಾಡಬೇಡ ಎಂದು ಅವನು ಹೇಳಲಿಲ್ಲ. ಬೆಳಿಗ್ಗೆ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅವಳ ಕೈಗೆ ಕೊಟ್ಟಿದ್ದ ಅಷ್ಟೆ. ಶ್ರೀಧರ ಸ್ವಾಗತ ಹೇಳಿ, ಅವಳ ಹೆಸರು ಹೇಳಿ, ಮೈಕು ಕೊಟ್ಟು ಬದಿಗೆ ಸರಿದ. ಹಿಂದಿನ ಸಾಲಿನ ಕುರ್ಚಿಯಲ್ಲಿ ಆದಿನಾರಾಯಣಪ್ಪ ಇದ್ದ. ಶಾಮಿಯಾನದ ಹೊರಗೆ, ಬಿಸಿಲಿನಲ್ಲೇ, ಪಾಪಮ್ಮ ನಿಂತಿದ್ದಳು.

"ಬೋರ್ಡಲ್ಲಿರೋ ಫೋಟೋ ಸುಳ್ಳಲ್ಲ," ಎಂದಳು ಗಂಗಲಕ್ಷ್ಮಮ್ಮ. ಮೈಕನ್ನು ಸ್ವಲ್ಪ ದೂರ ಹಿಡಿದಳು. "ಅದಾದ್ಮೇಲೆ ಆಗಿದ್ದು ಬೋರ್ಡಲ್ಲಿಲ್ಲ. ಎದ್ದು ಬನ್ನಿ, ತೋರಿಸ್ತೀನಿ."

ಮೈಕು ಕೆಳಗಿಟ್ಟು ಅವಳು ನಡೆದಳು. ಜನ ಗೊಣಗಿಕೊಂಡು ಎದ್ದು ಹಿಂದೆ ಬಂದರು. ಮುಂದಿನ ನಾಲ್ಕು ಸಾಲು ದಾಟಿ, ತೋಟದ ಹೊಟ್ಟೆಗೆ ಕರೆದುಕೊಂಡು ಹೋಗಿ, ದೋಟಿಯಿಂದ ಕುಡಿಗಳನ್ನು ಕೊಯ್ದು ಅವರ ಕೈಗೇ ಕೊಟ್ಟಳು. ಹಳ್ಳದ ಹತ್ತಿರ ನಿಲ್ಲಿಸಿ ಆಚೆಯ ಹನ್ನೆರಡನ್ನು ತೋರಿಸಿದಳು. ಹಾಳೆಯಲ್ಲಿದ್ದದ್ದನ್ನು ತನಗೆ ತಿಳಿದಷ್ಟು ಹೇಳಿದಳು.

"ತಟ್ಟೆಗೆ ಮುದ್ದೆ ಇಕ್ಕಿ ಸಾರು ಬಿಡ್ದೆ ಹೋದ್ರೆ ಉಣ್ಣಕ್ಕಾಯ್ತದಾ? ನಾನು ಈ ಮರಕ್ಕೆ ಮೂರು ವರ್ಷ ಬರೀ ಮುದ್ದೆ ಇಕ್ಕಿದ್ದೀನಿ. ಮಕ ಬಾಡ್ತು ಅಂತ ಇನ್ನೊಂದು ಮುದ್ದೆ ಇಕ್ಕಿದ್ದೀನಿ. ನಂಗೇ ಗೊತ್ತಿಲ್ದಿದ್ದನ್ನ ಆರು ಮನೆಗೆ ಗೊತ್ತಿರೋಳಂಗೆ ಹೇಳ್ಬಿಟ್ಟೆ. ನೀವೂ ಮೊಬೈಲಲ್ಲಿ ಇಟ್ಕೊಂಡಿದ್ರೆ ಅಳಿಸ್ಬಿಡಿ."

ದೊಡ್ಡಬಳ್ಳಾಪುರ ಕಡೆಯ ಒಬ್ಬ, ಹಾಗಾದರೆ ಸಸಿಯೇ ಸರಿಯಿಲ್ಲವೋ ಎಂದು ಕೇಳಿದ. ಸಸಿಯಲ್ಲಿ ತಪ್ಪಿಲ್ಲ, ಹಳ್ಳದಾಚೆಯವೂ ಅದೇ ಬುಟ್ಟಿಯ ಸಸಿ ಎಂದಳು. ಮತ್ತೊಬ್ಬ, ಇಷ್ಟು ಹೇಳಲು ಇಷ್ಟು ದೂರ ಕರೆಸಿದರಾ ಎಂದು ಬೈಕು ಹತ್ತಿ ಹೋದ. ಆದಿನಾರಾಯಣಪ್ಪ ಮುರಿದ ಕುಡಿಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ, ಊಟಕ್ಕೆ ನಿಲ್ಲದೆ ತನ್ನ ತೋಟದ ದಾರಿ ಹಿಡಿದ. ಎಲ್ಲ ಮುಗಿದ ಮೇಲೆ ಶ್ರೀಧರ ಬಂದು, ಆ ಹಾಳೆಯನ್ನು ಒಂದು ಜೆರಾಕ್ಸ್ ಮಾಡಿಸಿಕೊಳ್ಳುತ್ತೇನೆ ಎಂದು ಕೇಳಿ ತೆಗೆದುಕೊಂಡು ಹೋದ. ರಸ್ತೆಯ ಬದಿಯ ಫ್ಲೆಕ್ಸ್ ಇನ್ನೂ ಒಂದು ತಿಂಗಳಿತ್ತು. ಆಮೇಲೆ ಆ ಜಾಗಕ್ಕೆ ಯಾವುದೋ ಲೇಔಟಿನ ಸೈಟುಗಳ ಜಾಹೀರಾತು ಬಂತು.

ಪಾಪಮ್ಮ ಅವತ್ತು ಯಾವಾಗ ಹೋದಳೋ ತಿಳಿಯಲಿಲ್ಲ. ಎರಡು ದಿನ ಬಿಟ್ಟು ಅವಳ ಮನೆಯ ಮುಂದೆ ಹಾದುಹೋಗುವಾಗ ಜಗುಲಿಯ ಮೂಲೆಯಲ್ಲಿ ಯೂರಿಯಾ ಮೂಟೆ ಕಂಡಿತು. ಮುಕ್ಕಾಲು ಪಾಲು ತುಂಬಿತ್ತು, ಬಾಯಿ ಸುತ್ತಿ ಹುರಿಯಿಂದ ಬಿಗಿದಿತ್ತು. ಖರ್ಚಾದ ಕಾಲು ಪಾಲು ಎರಡೂವರೆ ಸಾಲಿಗೆ ಸರಿಹೋಗುತ್ತದೆ, ಅದರಾಚೆ ಪಾಪಮ್ಮ ಹಾಕಿಲ್ಲ ಎಂಬುದು ಗಂಗಲಕ್ಷ್ಮಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಚಳಿಗಾಲವೆಲ್ಲ ಅವಳು ಏಣಿ ಹಾಕಿ ಮರ ಹತ್ತಿ ಚಿಗುರು ಸವರಿದಳು. ದಿನಕ್ಕೆ ಹದಿನೈದು ಮರ; ಮುನಿರಾಜನ ರಜೆಯ ದಿನ ಮೂವತ್ತು. ಕೆಲವು ಮರಗಳ ತೊಗಟೆ ಸೀಳಿ ಅಂಟು ಸುರಿದು ಒಣಗಿಯೇಹೋದವು, ಕಡಿದು ಹಾಕಿದಳು. ಉದುರಿದೆಲೆಯನ್ನು ಗುಡಿಸದೆ ಬಿದ್ದಲ್ಲೇ ಬಿಟ್ಟಳು. ಊರಿನ ಕೆಲವರು ಗಂಗಮ್ಮನ ತೋಟ ಕಸದ ತಿಪ್ಪೆಯಾಯಿತು ಎಂದರು. ಮಾರ್ಚಿನಲ್ಲಿ ಬಿಟ್ಟ ಚಿಗುರುಗಳಲ್ಲಿ ಎಷ್ಟೋ ಮೆತ್ತಗಿದ್ದವು, ಎಷ್ಟೋ ಮತ್ತೆ ಮುದುರಿದವು. ಅವಳು ಮತ್ತೆ ಎಲೆ ಕಟ್ಟಿಕೊಂಡು ಬಸ್ಸು ಹತ್ತಿದಳು.

ಮೊದಲ ಮಳೆ ಬಿದ್ದ ಮೂರನೆಯ ದಿನ ಬೆಳಿಗ್ಗೆ ಮಂಕರಿಗೆ ಅಪ್ಸೆಣಬಿನ ಬೀಜ ತುಂಬಿಕೊಂಡು ತನ್ನ ತೋಟಕ್ಕೆ ಹೋಗದೆ ಪಾಪಮ್ಮನ ತೋಟಕ್ಕೆ ಹೋದಳು. ಪಾಪಮ್ಮ ಬದುವಿನ ಮೇಲೆ ಕೂತಿದ್ದಳು. ಏಳು ತಿಂಗಳಿಂದ ಮಾತಿರಲಿಲ್ಲ. ಗಂಗಲಕ್ಷ್ಮಮ್ಮ ಮಂಕರಿಯನ್ನು ಅವಳ ಮುಂದಿಟ್ಟಳು. ಪಾಪಮ್ಮ ಒಂದು ಹಿಡಿ ಬೀಜ ಎತ್ತಿ, ಮೂಗಿನ ಹತ್ತಿರ ಹಿಡಿದು, ಅಂಗೈಯಲ್ಲಿ ಉರುಳಿಸಿ ನೋಡಿದಳು. ಎದ್ದು, ಮಂಕರಿಯನ್ನು ಸೊಂಟಕ್ಕೇರಿಸಿಕೊಂಡು, ಮರಗಳ ನಡುವೆ ಬೀಜ ಎರಚುತ್ತಾ ಹೊರಟಳು. ಬೇಲಿಯಿಂದ ಮುಳ್ಳಿನ ಕೊಂಬೆಯೊಂದನ್ನು ಕಡಿದುಕೊಂಡು, ಬೀಜದ ಮೇಲೆ ಮಣ್ಣು ಮುಚ್ಚುವಂತೆ ಅದನ್ನು ಎಳೆಯುತ್ತಾ ಗಂಗಲಕ್ಷ್ಮಮ್ಮ ಹಿಂದೆ ನಡೆದಳು. ಇಬ್ಬರ ನಡುವೆ ಹತ್ತು ಹೆಜ್ಜೆಯ ಅಂತರವಿತ್ತು. ಕೊಂಬೆ ಬುಡಗಳಿಗೆ ಸಿಕ್ಕಿಕೊಂಡಾಗಲೆಲ್ಲ ಬಿಡಿಸಿಕೊಳ್ಳಬೇಕಾಗಿ ಅಂತರ ಇನ್ನೂ ದೊಡ್ಡದಾಗುತ್ತಿತ್ತು. ಸಾಲಿನ ಕೊನೆ ಮುಟ್ಟಿದ ಪಾಪಮ್ಮ ಪಕ್ಕದ ಸಾಲಿಗೆ ತಿರುಗಿದಳು, ಮಂಕರಿಯೊಳಗೆ ಕೈ ಹಾಕಿದಳು, ಬೀಜ ಎರಚಲಿಲ್ಲ. ಹಿಡಿ ತುಂಬ ಬೀಜ ಹಿಡಿದುಕೊಂಡು ಅಲ್ಲೇ ಕಾಯುತ್ತಾ ನಿಂತಳು.